ಬಾಯಿಪಾಠವಿದ್ದ ನಂಬರು

ಆ ಲಾಂಡ್ರಿಯ ಸೆಕೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. ಕಿಟಕಿಯಿಂದ ಒಳಗೆ ಬಂದ ನೊಣ ಮೂರು ಸುತ್ತು ಹಾರುವಷ್ಟರಲ್ಲಿ ಒಣಗಿ ಮೆಣಸಿನ ಕಾಳಾಗಿ ಕೆಳಗೆ ಬೀಳುತ್ತಿತ್ತು. ಗಡಿಯಾರದ ಮುಳ್ಳುಗಳು ಬೆವರಿಗೆ ಹಿಂದಕ್ಕೆ ಜಾರುತ್ತಿದ್ದವು. ಬೆಳಿಗ್ಗೆ ಎಂಟು ಹೋಗಿ ಸಂಜೆ ಏಳಾಗಲು ಅಲ್ಲಿ ಹದಿನೈದು ಗಂಟೆ ಹಿಡಿಯುತ್ತಿದ್ದದ್ದು ಅದಕ್ಕೇ ಇರಬೇಕು. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ದಿನಕ್ಕೆ ಆರು ಸಾವಿರ ಬೆಡ್‌ಶೀಟು ಬರುತ್ತಿದ್ದವು. ಅಷ್ಟನ್ನೂ ಹಾಸಿದರೆ ಊರಿಗೆ ಊರೇ ಕಾಲು ಚಾಚಿ ಮಲಗಬಹುದಿತ್ತು. ಅವನ್ನು ಒಗೆದು ಒಣಗಿಸುವ ನಲವತ್ತೆರಡು ಹೆಂಗಸರಿಗೆ ಮಾತ್ರ ಕೂರಲು ಒಂದು ಸ್ಟೂಲು ಇರಲಿಲ್ಲ.

ನಡುಮನೆಯಲ್ಲಿ ರೋಲರು. ಎಮ್ಮೆಯ ಹೊಟ್ಟೆಯಷ್ಟು ದಪ್ಪದ, ಉಗಿಯಲ್ಲಿ ಕಾದ ಕಬ್ಬಿಣದ ಉರುಳೆ. ಇಬ್ಬರು ಹೆಂಗಸರು ಒದ್ದೆ ಶೀಟಿನ ಎರಡು ತುದಿ ಹಿಡಿದು ಅದರ ಬಾಯಿಗೆ ಕೊಟ್ಟರೆ ಆಚೆ ಬದಿಯಲ್ಲಿ ಹೊಸ ನೋಟಿನಂತೆ ಗರಿಗರಿಯಾಗಿ ಹೊರಬರುತ್ತಿತ್ತು. ಬಾಯಿಯ ಮುಂದೆ ಒಂದು ತೆಳುವಾದ ತಡೆಪಟ್ಟಿ. ಬೆರಳು ತಗುಲಿದರೆ ಯಂತ್ರ ತಟ್ಟನೆ ನಿಲ್ಲಲಿ ಎಂದು ಇಟ್ಟದ್ದು. ಆದರೆ ಶೀಟಿನ ಮಡಿಕೆ ತಗುಲಿದರೂ ಅದು ನಿಲ್ಲುತ್ತಿತ್ತು. ನಿಂತರೆ ಆರು ಸಾವಿರ ಮುಗಿಯುವುದಿಲ್ಲ. ಆದ್ದರಿಂದ ಬೆಳಿಗ್ಗೆ ಬಂದೊಡನೆ ಹರಕು ಶೀಟಿನ ಒಂದು ಚೂರಿನಿಂದ ತಡೆಪಟ್ಟಿಯನ್ನು ಮೇಲಕ್ಕೆತ್ತಿ ಕಟ್ಟುವುದು ರೂಢಿ. ಅದರ ಎದುರಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ, ಮಾಲೀಕರ ಸಹಿಯಿದ್ದ ಕಾಗದ: 'ತಡೆಪಟ್ಟಿಯನ್ನು ಎತ್ತಿ ಕಟ್ಟತಕ್ಕದ್ದಲ್ಲ.' ಕಾಗದ ಒಂದು ಹೇಳುತ್ತಿತ್ತು, ಮೇಸ್ತ್ರಿ ಇನ್ನೊಂದು ಹೇಳುತ್ತಿದ್ದ. ಕಾಗದಕ್ಕೆ ಗಂಟಲಿಲ್ಲ. ಮೇಸ್ತ್ರಿಗೆ ಏಳು ಬೀದಿಗೆ ಕೇಳುವ ಗಂಟಲು.

ಸಂಜೆ ಏಳಕ್ಕೆ ಬಿಟ್ಟ ಮೇಲೆ ಹಿಂದಿನ ಓಣಿಯಲ್ಲಿ ನಡೆದು ಹೋಗಬೇಕು. ಅಲ್ಲಿಯ ಕತ್ತಲಿಗೆ ಇದ್ದಿಲೂ ನಾಚಬೇಕು. ಇಬ್ಬರ ಚೀಲ ಕಿತ್ತುಕೊಂಡು ಹೋದ ಮೇಲೆ ಹೆಂಗಸರೆಲ್ಲ ಮಾಲೀಕರ ಬಳಿ ಹೋಗಿ ಓಣಿಗೆ ನಾಲ್ಕು ದೀಪ ಹಾಕಿಸಿಕೊಡಿ ಎಂದು ಕೇಳಿದರು. ಮಾಲೀಕರು ಒಂದು ವಾರ ಯೋಚಿಸಿದರು. ದೀಪದ ಬದಲು ಒಂದು ಆ್ಯಪ್ ಕೊಟ್ಟರು. ಹೆಂಗಸರ ಸುರಕ್ಷತೆಯ ಆ್ಯಪ್, ಬಿಟ್ಟಿ ಸಿಗುವಂಥದ್ದು. ಫೋನಿನ ಪಕ್ಕದ ಗುಂಡಿಯನ್ನು ಮೂರು ಸಲ ಒತ್ತಿದರೆ ಅದು ಸದ್ದಿಲ್ಲದೆ ಸುತ್ತಲಿನ ಚಿತ್ರ, ಮಾತು ಎಲ್ಲವನ್ನೂ ಐದು ನಿಮಿಷ ಹಿಡಿದಿಟ್ಟುಕೊಳ್ಳುತ್ತಿತ್ತು. ಹಣ ಕಟ್ಟಿದವರಿಗೆ ಕಂಪನಿಯಲ್ಲಿ ಇನ್ನೊಂದು ಪ್ರತಿ ಉಳಿಯುತ್ತದೆ, ಕಟ್ಟದವರಿಗೆ ಫೋನಿನಲ್ಲಿದ್ದದ್ದೇ ಸರ್ವಸ್ವ. ಹೆಂಗಸರು ಅದಕ್ಕೆ 'ಚಾಡಿ' ಎಂದು ಹೆಸರಿಟ್ಟರು.

"ಕತ್ತಲಲ್ಲಿ ಎಡವಿ ಬಿದ್ರೆ ಬಿದ್ದಿದ್ದು ವಿಡಿಯೋ ಆಗತ್ತಂತೆ," ಎಂದಳು ಸೋಪಿನ ತೊಟ್ಟಿಯ ಮುದುಕಿ. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸೋಪಜ್ಜಿ ಎಂದು. "ನಾಳೆ ಕೂತ್ಕೊಂಡು ನೋಡಿ ನಗಬಹುದು."

ಚಾಡಿಯನ್ನು ನಲವತ್ತೆರಡು ಫೋನಿಗೂ ಹಾಕಿದವಳು ಮಡಿಸುವ ಮೇಜಿನ ಡಾಕ್ಟ್ರಮ್ಮ. ಓದಿದ್ದು ಏಳನೇ ಇಯತ್ತೆ. ಆದರೆ ಫೋನಿನ ವಿಷಯಕ್ಕೆ ಬಂದರೆ ಅವಳು ಮುಟ್ಟಿದ್ದು ಚಿನ್ನ. ಸತ್ತ ಫೋನಿನ ಕಿವಿಯಲ್ಲಿ ಅವಳು ಏನೋ ಹೇಳಿದರೆ ಅದು ಎದ್ದು ಕುಳಿತು ಗಂಟೆ ಎಷ್ಟೆಂದು ಹೇಳುತ್ತಿತ್ತು. ಹಾಗೆಂದು ಹೇಳುತ್ತಿದ್ದವಳೂ ಅವಳೇ. ಹಾಕಿಕೊಟ್ಟ ಒಂದೇ ವಾರಕ್ಕೆ ಹೊಸ ತೊಂದರೆ ಶುರುವಾಯಿತು. ಹೆಂಗಸರು ಫೋನನ್ನು ಏಪ್ರನ್ನಿನ ಹೊಟ್ಟೆಯ ಜೇಬಿನಲ್ಲಿ ಇಡುತ್ತಿದ್ದರು. ಮೇಜಿಗೆ ಒರಗಿದರೆ ಗುಂಡಿ ಒತ್ತಿಕೊಳ್ಳುತ್ತಿತ್ತು. ಚಾಡಿ ಎದ್ದು ಜೇಬಿನೊಳಗಿನ ಕತ್ತಲನ್ನು ಐದು ನಿಮಿಷ ಶ್ರದ್ಧೆಯಿಂದ ಹಿಡಿದಿಡುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ. ವಾರದ ಕೊನೆಗೆ ಅಗ್ಗದ ಫೋನುಗಳೆಲ್ಲ ಹೊಟ್ಟೆಯುಬ್ಬರಿಸಿಕೊಂಡು ಏದುಸಿರು ಬಿಡುತ್ತಿದ್ದವು. ಶಾಲೆಯಿಂದ ಬಂದ ಮಗುವಿನ ಫೋಟೊ ತೆರೆಯದು, ತಮ್ಮನ ಮಾತು ಇಳಿಯದು.

ಅಲ್ಲಿಂದ ಶನಿವಾರದ ದರ್ಬಾರು ಶುರು. ಊಟದ ಬಿಡುವಿನಲ್ಲಿ ಒಂದು ಬಕೆಟ್ಟು ತಿರುಗುತ್ತಿತ್ತು, ಎಲ್ಲರೂ ಫೋನು ಹಾಕುತ್ತಿದ್ದರು. ಡಾಕ್ಟ್ರಮ್ಮ ಬಟ್ಟೆಯ ಗಂಟಿನ ಮೇಲೆ ಸಿಂಹಾಸನವೇರಿದಂತೆ ಕುಳಿತು ಒಂದೊಂದನ್ನೇ ತೆಗೆದುಕೊಳ್ಳುತ್ತಿದ್ದಳು. ಎಲ್ಲ ಆರಿಸು, ಅಳಿಸು. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ತೆರೆದು ಖಾಲಿ ಮಾಡು. ಒಂದು ಫೋನಿಗೆ ಒಂಬತ್ತು ಸೆಕೆಂಡು.

"ನಾನ್ ಅಳಿಸಿದ್ರೆ ಬ್ರಹ್ಮ ಬಂದು ಹುಡುಕಿದ್ರೂ ಸಿಗಲ್ಲ," ಎನ್ನುತ್ತಿದ್ದಳು.

ಪ್ರತಿ ರೆಕಾರ್ಡಿನ ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕದೊಂದು ಬೀಗದ ಗುರುತಿತ್ತು. ಅದನ್ನೊಮ್ಮೆ ಒತ್ತಿಟ್ಟರೆ 'ಎಲ್ಲ ಅಳಿಸು' ಎಂದರೂ ಆ ರೆಕಾರ್ಡು ಅಳಿಯುತ್ತಿರಲಿಲ್ಲ. ಡಾಕ್ಟ್ರಮ್ಮ ಅದನ್ನು ಮೊದಲ ವಾರವೇ ಕಂಡುಹಿಡಿದಿದ್ದಳು. ಯಾರಿಗೂ ಹೇಳಿರಲಿಲ್ಲ. ರೋಲರಿನಲ್ಲಿ ಕೆಲಸ ಮಾಡುತ್ತಿದ್ದ ಅವಳ ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ, ಒಂದು ದಿನ ಕೇಳಿಯೇ ಬಿಟ್ಟಿದ್ದಳು.

"ಅಕ್ಕ, ಈ ಪುಟಾಣಿ ಬೀಗ ಏನಿದು?"

"ಅದನ್ನ ಮುಟ್ಬೇಡ ಕಣೇ. ಇಡೀ ಫೋನೇ ಲಾಕ್ ಆಗೋಗತ್ತೆ. ಆಮೇಲೆ ಬಿಚ್ಚೋಕೆ ನನ್ ಕೈಲೂ ಆಗಲ್ಲ."

ವಾರಗಿತ್ತಿ ಫೋನನ್ನು ಬಿಸಿ ಪಾತ್ರೆಯಂತೆ ಕೆಳಗಿಟ್ಟಿದ್ದಳು. ಡಾಕ್ಟ್ರಮ್ಮ ಒಳಗೊಳಗೇ ನಕ್ಕಿದ್ದಳು. ಎಲ್ಲರಿಗೂ ಮದ್ದು ಗೊತ್ತಾದರೆ ಡಾಕ್ಟರ ಮನೆ ಬಾಗಿಲು ತಟ್ಟುವವರಾರು?

ಶುಕ್ರವಾರ ಮಧ್ಯಾಹ್ನ ವಾರಗಿತ್ತಿಯ ಕೈ ರೋಲರಿಗೆ ಹೋಯಿತು.

ಇದಕ್ಕೆ ಸೇರಿಸಿ ಹೇಳಲು ಏನೂ ಇಲ್ಲ. ಬಲಗೈ, ಮಣಿಕಟ್ಟಿನವರೆಗೆ. ತಡೆಪಟ್ಟಿ ಮೇಲೆ ಕಟ್ಟಿತ್ತು. ಯಂತ್ರ ನಿಲ್ಲಲಿಲ್ಲ. ಮೇಸ್ತ್ರಿ ಸ್ವಿಚ್ಚಿಗೆ ಓಡುವಷ್ಟರಲ್ಲಿ ಸೋಪಜ್ಜಿ ಗೋಡೆಯ ವೈರನ್ನೇ ಕಿತ್ತಿದ್ದಳು. ಡಾಕ್ಟ್ರಮ್ಮ ಮಡಿಸಿದ ಶೀಟುಗಳ ರಾಶಿಯನ್ನು ತುಳಿದುಕೊಂಡು ಬಂದು ಅವಳನ್ನು ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಅದೇ ಆಸ್ಪತ್ರೆಯ ಶೀಟುಗಳನ್ನು ಅವಳು ನಾಲ್ಕು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದಳು.

ಮರುದಿನ ಶನಿವಾರ. ರೋಲರನ್ನು ತೊಳೆದು ಬೆಳಿಗ್ಗೆ ಎಂಟಕ್ಕೇ ಮತ್ತೆ ಚಾಲೂ ಮಾಡಿದ್ದರು. ಊಟದ ಬಿಡುವಿನಲ್ಲಿ ಬಕೆಟ್ಟು ತಿರುಗಿತು. ಅಷ್ಟರಲ್ಲಿ ಮೇಸ್ತ್ರಿಯೇ ನಡೆದು ಬಂದ. ಅವನು ಊಟದ ಜಾಗಕ್ಕೆ ಬರುವುದೆಂದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಹಾಗೆ. ಕೈಯಲ್ಲಿ ವಾರಗಿತ್ತಿಯ ಫೋನಿತ್ತು.

"ಬಟ್ಟೆ ರಾಶೀಲಿ ಬಿದ್ದಿತ್ತು. ಜೋಪಾನವಾಗಿ ಎತ್ತಿಟ್ಟಿದ್ದೆ," ಎಂದ. ಅವನ ದನಿಯಲ್ಲಿ ಜೇನು ತೊಟ್ಟಿಕ್ಕುತ್ತಿತ್ತು. "ಇದನ್ನೂ ಕ್ಲೀನ್ ಮಾಡ್ಬಿಡಮ್ಮ. ಆಸ್ಪತ್ರೆಯಿಂದ ರಿಪೋರ್ಟು ಅದೂ ಇದೂ ಕಳಿಸ್ತಾರೆ, ಜಾಗ ಬೇಕಲ್ಲ ಪಾಪ."

"ಆಯ್ತು ಸಾರ್."

"ಬುಟ್ಟೀನೂ ಖಾಲಿ ಮಾಡ್ತೀಯಲ್ಲ? ನೀನು ಮಾಡಿದ್ರೆ ಬ್ರಹ್ಮನಿಗೂ ಸಿಗಲ್ವಂತೆ."

ಹನ್ನೊಂದು ವರ್ಷದಲ್ಲಿ ಮೇಸ್ತ್ರಿ ಅವಳನ್ನು ಹೊಗಳಿದ್ದು ಅದೇ ಮೊದಲು. ಡಾಕ್ಟ್ರಮ್ಮನಿಗೆ ಬೇಡವೆಂದರೂ ಬೆನ್ನು ನೆಟ್ಟಗಾಯಿತು. ಚಾಡಿಯನ್ನು ತೆರೆದಳು. ಹನ್ನೆರಡು ರೆಕಾರ್ಡು. ಹನ್ನೊಂದರ ಚಿತ್ರ ಎಂದಿನಂತೆ ಕಪ್ಪು. ಒಂದು ಮಾತ್ರ ಬೆಳ್ಳಗಿತ್ತು. ಟ್ಯೂಬ್‌ಲೈಟು, ಅದರ ಕೆಳಗೆ ಯಾರದೋ ಗದ್ದ. ಹೆಬ್ಬೆರಳು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಮೇಸ್ತ್ರಿ ನೋಡುತ್ತಿದ್ದ. ಸುತ್ತಲಿನ ಹೆಂಗಸರೂ ನೋಡುತ್ತಿದ್ದರು. ಒಂಬತ್ತು ಸೆಕೆಂಡಿನವಳು ತಡವರಿಸಿದರೆ ಹೇಗೆ?

ಎಲ್ಲ ಆರಿಸು. ಅಳಿಸು. ಬುಟ್ಟಿ. ಖಾಲಿ.

"ಎಂಟೇ ಸೆಕೆಂಡು," ಎಂದಳು.

ಭಾನುವಾರ ಭೇಟಿಯ ಸಮಯಕ್ಕೆ ಆಸ್ಪತ್ರೆಗೆ ಹೋದಾಗ ವಾರಗಿತ್ತಿ ದಿಂಬಿಗೆ ಒರಗಿ ಕುಳಿತಿದ್ದಳು. ಬಲಗೈ ಬಿಳಿ ಬಟ್ಟೆಯ ದೊಡ್ಡ ಉಂಡೆ. ಅಕ್ಕನನ್ನು ನೋಡಿ ನಕ್ಕಳು.

"ಅಕ್ಕ, ನನ್ ಫೋನ್ ತಂದ್ಯಾ?"

"ತಂದೆ."

"ಅಬ್ಬ. ಅದ್ರಲ್ಲಿದೆ ನೋಡು, ಎಲ್ಲಾ ಇದೆ." ಅವಳು ದನಿ ತಗ್ಗಿಸಿದಳು. "ಶುಕ್ರವಾರ ಬೆಳಿಗ್ಗೆ ನಾನು ಆ ಪಟ್ಟಿ ಕಟ್ಟಲ್ಲ ಅಂದೆ. ಹಿಂದಿನ ದಿನ ಅಂಚಲ್ಲಿ ಬೆರಳು ಸುಟ್ಟಿತ್ತಲ್ಲ, ಹೆದರಿಕೆ ಆಗಿತ್ತು. ಮೇಸ್ತ್ರಿ ಬಂದು ಎದೆ ಮೇಲೆ ನಿಂತ. ಕಟ್ಟು, ಇಲ್ಲಾಂದ್ರೆ ಗೇಟು ಆ ಕಡೆ ಇದೆ ಅಂದ. ನಾನು ಜೇಬಿಂದ ಫೋನ್ ತೆಗ್ದು ಕೆಳಗೆ ಹಿಡ್ಕೊಂಡು ಮೂರು ಸಲ ಒತ್ತಿದೆ. ಅವ್ನು ಹೇಳಿದ್ದೆಲ್ಲ ಬಂದಿದೆ, ಒಂದಕ್ಷರ ಬಿಡದೆ. ಆಮೇಲೆ ಕಟ್ಟಿದೆ."

ಡಾಕ್ಟ್ರಮ್ಮ ಫೋನಿದ್ದ ಚೀಲವನ್ನು ಮಂಚದ ಕೆಳಗೆ ಸರಿಸಿದಳು.

"ಇನ್ನೊಂದು ತಮಾಷೆ ಕೇಳು," ವಾರಗಿತ್ತಿ ಮುಂದುವರಿಸಿದಳು. "ನಾನು ಒತ್ತಿದ ತಕ್ಷಣ ಅವನ ಜೇಬಲ್ಲಿ ಟಿಣ್ ಅಂತು. ತೆಗ್ದು ಓದಿ ಬಿದ್ದು ಬಿದ್ದು ನಕ್ಕ. ನಿನ್ ಅಪಾಯ ನನ್ ಜೇಬಿಗೇ ಬಂತಲ್ಲೇ ಅಂದ. ಯಾಕಕ್ಕ ಅವನಿಗೆ ಹೋಯ್ತು ಅದು?"

ಯಾಕೆಂದು ಡಾಕ್ಟ್ರಮ್ಮನಿಗೆ ಗೊತ್ತಿತ್ತು. ಆ್ಯಪ್ ಹಾಕಿದ ದಿನ ಅದು ಒಂದು ಪ್ರಶ್ನೆ ಕೇಳಿತ್ತು: 'ನಿಮ್ಮ ನಂಬಿಕಸ್ತರ ನಂಬರು?' ನಂಬರು ಕೊಡದೆ ಅದು ಮುಂದೆ ಹೋಗುತ್ತಿರಲಿಲ್ಲ. ಫೋನು ಜೇಬಿನ ಹೊರಗಿದ್ದಾಗ ಗುಂಡಿ ಒತ್ತಿದರೆ 'ಇವರು ಅಪಾಯದಲ್ಲಿದ್ದಾರೆ' ಎಂಬ ಸಂದೇಶ ಹೋಗುತ್ತಿದ್ದದ್ದು ಆ ನಂಬರಿಗೆ. ಒಬ್ಬೊಬ್ಬರನ್ನೂ ಕೇಳಿದ್ದಳು. ಗಂಡನ ನಂಬರು ಫೋನಿನಲ್ಲಿದೆ, ತಲೆಯಲ್ಲಿಲ್ಲ ಎಂದರು. ತಾಯಿಯ ನಂಬರು ಬದಲಾಗಿದೆ ಎಂದರು. ನಲವತ್ತೆರಡು ಹೆಂಗಸರಿಗೂ ಬಾಯಿಪಾಠವಿದ್ದ ನಂಬರು ಒಂದೇ. ಮಗುವಿಗೆ ಜ್ವರ ಬಂದಾಗ, ತಡವಾದಾಗ, ರಜೆ ಬೇಕಾದಾಗ ಒತ್ತುತ್ತಿದ್ದ ಮೇಸ್ತ್ರಿಯ ನಂಬರು. ಸರ್ರನೆ ಕೆಲಸ ಮುಗಿಯಲಿ ಎಂದು ಡಾಕ್ಟ್ರಮ್ಮ ಅದನ್ನೇ ಎಲ್ಲರಿಗೂ ಹೊಡೆದಿದ್ದಳು. ಒಂದು ಮಧ್ಯಾಹ್ನದಲ್ಲಿ ನಲವತ್ತೆರಡು ಫೋನು ಮುಗಿಸಿದೆ ಎಂದು ವರ್ಷವಿಡೀ ಹೇಳಿಕೊಂಡು ತಿರುಗಿದ್ದಳು.

ಹಾಗಾದರೆ ರೆಕಾರ್ಡು ಇದೆಯೆಂದು ಮೇಸ್ತ್ರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಫೋನು ತಂದುಕೊಟ್ಟ. ಗೊತ್ತಿದ್ದೇ ಹೊಗಳಿದ.

"ಹಾಕಕ್ಕ, ಕೇಳೋಣ."

"ಚಾರ್ಜ್ ಇಲ್ಲ ಕಣೇ," ಎಂದಳು ಡಾಕ್ಟ್ರಮ್ಮ. ಫೋನು ಅವಳ ಚೀಲದಲ್ಲಿ ನೂರಕ್ಕೆ ಎಂಬತ್ತು ಚಾರ್ಜು ತುಂಬಿಕೊಂಡು ಕುಳಿತಿತ್ತು. "ಮನೇಲಿಟ್ಕೊಂಡಿರ್ತೀನಿ. ಬೇಕಾದಾಗ ತರ್ತೀನಿ."

"ನೀನೇ ಇಟ್ಕೊ. ನಿನ್ ಹತ್ರ ಇದ್ರೆ ಬ್ಯಾಂಕಲ್ಲಿಟ್ಟ ಹಾಗೆ."

ಅಂದಿನಿಂದ ಡಾಕ್ಟ್ರಮ್ಮನ ಬಲಗೈ ಹೆಬ್ಬೆರಳಿಗೆ ಆನೆಯ ತೂಕ ಬಂತು. ಲೋಟ ಎತ್ತಿದರೆ ಜಾರಿತು, ಶೀಟು ಮಡಿಸಿದರೆ ಸೊಟ್ಟಗಾಯಿತು. ಎರಡು ಕೋಣೆಯ ಮನೆಯಲ್ಲಿ ಗೋಡೆಯಾಚೆ ಮೈದುನ ಒಬ್ಬನೇ ಪಾತ್ರೆ ತೊಳೆಯುವ ಸದ್ದು ಕೇಳಿದರೆ ಅವಳು ಕಿವಿಗೆ ದಿಂಬು ಒತ್ತಿಕೊಳ್ಳುತ್ತಿದ್ದಳು. ಬುಧವಾರ ಮನೆಗೆ ಕಾಗದ ಬಂತು. ಕೆಲಸಗಾರ್ತಿಯು ಸೂಚನೆ ಮೀರಿ ತಡೆಪಟ್ಟಿಯನ್ನು ತಾನಾಗಿಯೇ ಕಟ್ಟಿದ್ದರಿಂದ ಅಪಘಾತ ನಡೆದಿದೆ, ಪರಿಹಾರ ಕೊಡಲು ಬರುವುದಿಲ್ಲ, ಕೆಲಸದಿಂದಲೂ ತೆಗೆಯಲಾಗಿದೆ, ಆಕ್ಷೇಪವಿದ್ದರೆ ಮುಂದಿನ ವಾರದ ಶುಕ್ರವಾರ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ ಮುಂದೆ ಹೇಳಬಹುದು.

"ಆಕ್ಷೇಪ ಇಲ್ದೆ ಏನು," ಎಂದ ಮೈದುನ. "ಅತ್ತಿಗೆ, ಆ ರೆಕಾರ್ಡು ಇದ್ಯಲ್ಲ, ಅವ್ರ ಮುಖಕ್ಕೆ ಹಿಡಿಯೋಣ."

ಅತ್ತಿಗೆ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಶನಿವಾರ ಬಕೆಟ್ಟು ಅವಳ ಮುಂದೆ ಬಂದು ನಿಂತಿತು. ಡಾಕ್ಟ್ರಮ್ಮ ಎದ್ದು ತೊಟ್ಟಿಯ ಕಡೆ ಹೋದಳು. ಸೋಪಜ್ಜಿ ಹಿಂದೆಯೇ ಬಂದಳು.

"ಏನೇ, ಡಾಕ್ಟ್ರೇ ಮಲಗಿಬಿಟ್ಟ್ರಾ?"

ಡಾಕ್ಟ್ರಮ್ಮ ಸೋಪಿನ ನೀರಿಗೆ ಕೈ ಅದ್ದಿ ಹೆಬ್ಬೆರಳನ್ನು ತಿಕ್ಕುತ್ತಲೇ ಇದ್ದಳು. ತಿಕ್ಕುತ್ತ ತಿಕ್ಕುತ್ತ ಎಲ್ಲವನ್ನೂ ಹೇಳಿಬಿಟ್ಟಳು. ಬೆಳ್ಳಗಿನ ಚಿತ್ರವೊಂದನ್ನು ಬಿಟ್ಟು.

ಸೋಪಜ್ಜಿ ತೊಟ್ಟಿಯ ನೊರೆಯನ್ನು ಕೈಯಿಂದ ಪಕ್ಕಕ್ಕೆ ತಳ್ಳಿದಳು.

"ಆ ಪಟ್ಟಿ ಕಟ್ಟೋ ಚೂರು ಯಾರು ಹರಿದು ಕೊಡೋದು ಗೊತ್ತಾ?" ಎಂದಳು. "ನಾನು. ದಿನಾ ಬೆಳಿಗ್ಗೆ. ಗಟ್ಟಿ ಅಂಚು ನೋಡಿ ಹರೀತೀನಿ, ನಡುವೆ ಬಿಚ್ಕೋಬಾರ್ದು ಅಂತ. ಶುಕ್ರವಾರದ್ದೂ ನನ್ ಕೈಯಿಂದಾನೇ ಹೋಗಿದ್ದು."

"ನೀನು ಬೇಕಂತ ಮಾಡಿದ್ಯಾ ಅಜ್ಜಿ?"

"ನೀನು ಬೇಕಂತ ಮಾಡಿದ್ಯಾ? ಬೇಕಂತ ಮಾಡ್ಸಿದವನು ಆಫೀಸಲ್ಲಿ ಫ್ಯಾನ್ ಕೆಳಗೆ ಕೂತಿದಾನೆ. ಆದ್ರೂ ಹೋಗಿ ಅವಳಿಗೆ ಹೇಳು. ಶುಕ್ರವಾರಕ್ಕೆ ಮುಂಚೆ ಹೇಳು. ಸಾಹೇಬ್ರ ಮುಂದೆ ಗೊತ್ತಾದ್ರೆ ಇನ್ನೊಂದು ಕೈ ಹೋದ ಹಾಗಾಗತ್ತೆ ಅವಳಿಗೆ."

ಡಾಕ್ಟ್ರಮ್ಮ ಭಾನುವಾರ ಹೇಳಲು ಹೋಗಿ ಹಣ್ಣು ಕೊಟ್ಟು ಬಂದಳು. ಮಂಗಳವಾರ ಹೇಳಲು ಹೋಗಿ ತಲೆ ಬಾಚಿ ಬಂದಳು. ಗುರುವಾರ ಬಾಗಿಲವರೆಗೆ ಹೋಗಿ, ಒಳಗೆ ವಾರಗಿತ್ತಿ ಎಡಗೈಯಲ್ಲಿ ಚಮಚ ಹಿಡಿಯಲು ಕಲಿಯುತ್ತಿದ್ದುದನ್ನು ನೋಡಿ ಹಾಗೆಯೇ ತಿರುಗಿದಳು.

ಶುಕ್ರವಾರ ಮಾಲೀಕರ ಕೋಣೆಯಲ್ಲಿ ವಿಚಾರಣೆ. ಅಲ್ಲಿಯ ತಂಪಿಗೆ ಹಲ್ಲು ಕಟಕಟ ಎನ್ನಬೇಕು. ಇನ್‌ಸ್ಪೆಕ್ಟರು ಮಾಲೀಕರ ಕುರ್ಚಿಯಲ್ಲೇ ಕುಳಿತು, ಮಾಲೀಕರ ಲೋಟದಲ್ಲೇ ಚಹಾ ಕುಡಿಯುತ್ತಿದ್ದರು. ಮೇಸ್ತ್ರಿ ಮಗ್ಗುಲಲ್ಲಿ ಕೈಕಟ್ಟಿ ನಿಂತಿದ್ದ. ವಾರಗಿತ್ತಿ ಆಸ್ಪತ್ರೆಯಿಂದ ನೇರವಾಗಿ ಗಂಡನ ಹೆಗಲು ಹಿಡಿದುಕೊಂಡು ಬಂದಿದ್ದಳು. ಗಾಜಿನ ಬಾಗಿಲಾಚೆ ಊಟ ಬಿಟ್ಟು ಬಂದ ಹೆಂಗಸರ ಗುಂಪು.

"ಮೇಸ್ತ್ರಿನೇ ಕಟ್ಸಿದ್ದು ಅಂತೀಯ. ಸಾಕ್ಷಿ ಏನಮ್ಮ?" ಎಂದರು ಇನ್‌ಸ್ಪೆಕ್ಟರು.

"ನನ್ ಫೋನಲ್ಲಿದೆ ಸಾರ್. ಅವ್ರ ದನೀಲೇ ಇದೆ." ವಾರಗಿತ್ತಿ ತಿರುಗಿದಳು. "ಅಕ್ಕ, ತೋರ್ಸು."

ಮೇಸ್ತ್ರಿ ಡಾಕ್ಟ್ರಮ್ಮನನ್ನು ನೋಡಿ ಮೆಲ್ಲಗೆ ನಕ್ಕ. ಇಬ್ಬರಿಗೂ ಗೊತ್ತಿರುವ ಒಂದು ಗುಟ್ಟಿಗೆ ನಗುವಂಥ ನಗೆ. ಆ ನಗೆಯೊಂದಿಲ್ಲದಿದ್ದರೆ ಅವಳು ಅಂದೂ ಚಾರ್ಜ್ ಇಲ್ಲ ಎನ್ನುತ್ತಿದ್ದಳೋ ಏನೋ.

"ಇತ್ತು ಸಾರ್," ಎಂದಳು. "ನಾನೇ ಅಳಿಸಿದೆ."

ವಾರಗಿತ್ತಿಯ ಮುಖವನ್ನು ಡಾಕ್ಟ್ರಮ್ಮ ನೋಡಲಿಲ್ಲ.

"ಕೈ ಹೋದ ಮಾರನೇ ದಿನ ಇವ್ರು ಅವಳ ಫೋನ್ ತಂದ್ಕೊಟ್ರು. ಕ್ಲೀನ್ ಮಾಡು, ಬುಟ್ಟೀನೂ ಖಾಲಿ ಮಾಡು ಅಂದ್ರು. ನಾನು ನೋಡ್ದೇನೇ ಅಳಿಸ್ಬಿಟ್ಟೆ."

"ಪ್ರತಿ ಶನಿವಾರ ಇವಳೇ ಎಲ್ಲರ ಫೋನ್ ಕ್ಲೀನ್ ಮಾಡೋದು ಸಾರ್," ಎಂದ ಮೇಸ್ತ್ರಿ. "ಪಾಪ ಅಂತ ಉಪಕಾರ ಮಾಡೋಕ್ಹೋದ್ರೆ ನೋಡಿ. ಅದ್ರಲ್ಲಿ ರೆಕಾರ್ಡ್ ಇತ್ತು ಅಂತ ನಂಗೇನ್ ಕನಸು ಬಿದ್ದಿತ್ತಾ?"

"ಬಿದ್ದಿತ್ತು. ಅವಳು ಒತ್ತಿದಾಗ ನಿಮ್ ಫೋನಿಗೆ ಮೆಸೇಜ್ ಬಂದಿದೆ. ಸಾರ್, ಅವ್ರ ಫೋನ್ ತೆಗ್ಸಿ ನೋಡಿ. ಆ ಶುಕ್ರವಾರ, ಬೆಳಿಗ್ಗೆ ಕೆಲಸ ಶುರುವಾಗೋ ಹೊತ್ತಿಗೆ."

ಮೇಸ್ತ್ರಿಯ ಕೈ ತಂತಾನೇ ಜೇಬಿನ ಮೇಲೆ ಹೋಗಿ ಕುಳಿತಿತು. ಅದನ್ನು ಇನ್‌ಸ್ಪೆಕ್ಟರೂ ಕಂಡರು, ಮಾಲೀಕರೂ ಕಂಡರು, ಗಾಜಿನಾಚೆಯ ಹೆಂಗಸರೂ ಕಂಡರು.

ಇನ್‌ಸ್ಪೆಕ್ಟರು ಚಹಾದ ಕೊನೆಯ ಗುಟುಕು ಕುಡಿದರು. "ಅದು ಅವರ ಖಾಸಗಿ ಫೋನಮ್ಮ. ಹಾಗೆಲ್ಲ ಕೇಳೋಕಾಗಲ್ಲ."

"ನಮ್ ನಲವತ್ತೆರಡು ಫೋನ್ ಇದೇ ಮೇಜಿನ ಮೇಲೆ ಇಡ್ಸ್ಕೊಂಡು ಆ್ಯಪ್ ಹಾಕ್ಸಿದ್ರಲ್ಲ ಸಾರ್. ಆವತ್ತು ಖಾಸಗಿ ಎಲ್ಲಿ ಹೋಗಿತ್ತು?"

"ಜಾಸ್ತಿ ಮಾತಾಡ್ಬೇಡ. ಸಾಕ್ಷಿ ನಾಶ ಮಾಡಿದ್ದೀನಿ ಅಂತ ನೀನೇ ಹೇಳ್ತಿದೀಯ. ಬರ್ಕೊಂಡ್ರೆ ನಿನ್ ಮೇಲೇ ಬರತ್ತೆ, ಗೊತ್ತಾ?"

"ಬರ್ಕೊಳ್ಳಿ," ಎಂದಳು ಡಾಕ್ಟ್ರಮ್ಮ. "ಯಾರ್ ಹೇಳಿ ಅಳಿಸಿದ್ದು ಅನ್ನೋದನ್ನೂ ಬರ್ಕೊಳ್ಳಿ. ಸಹಿ ಮಾಡ್ತೀನಿ."

ಇನ್‌ಸ್ಪೆಕ್ಟರು ಬರೆದರು. ಅವಳ ಮೂರು ಮಾತಿಗೆ ಅರ್ಧ ಸಾಲು ಬರೆದು, ಕೆಳಗೆ ದಪ್ಪಕ್ಷರದಲ್ಲಿ 'ಸಾಕ್ಷ್ಯ ಲಭ್ಯವಿಲ್ಲ' ಎಂದು ಬರೆದು ಎರಡು ಗೆರೆ ಎಳೆದರು. ಡಾಕ್ಟ್ರಮ್ಮ ಆ ಅರ್ಧ ಸಾಲನ್ನು ಮೂರು ಸಲ ಓದಿ, ಮೇಸ್ತ್ರಿಯ ಹೆಸರು ಅದರಲ್ಲಿಲ್ಲವೆಂದು ಕಂಡು, ಬರೆಯುವವರೆಗೆ ಪೆನ್ನು ಮುಟ್ಟುವುದಿಲ್ಲ ಎಂದು ಕುಳಿತಳು. ಗಾಜಿನಾಚೆ ಸೋಪಜ್ಜಿ ಬಾಗಿಲನ್ನು ಕೈಯಿಂದ ತಟ್ಟತೊಡಗಿದಳು. ಒಂದು ಕೈ ಎರಡಾಯಿತು, ಎರಡು ಹತ್ತಾಯಿತು. ಕೊನೆಗೆ ಇನ್‌ಸ್ಪೆಕ್ಟರು ಹೆಸರು ಸೇರಿಸಿದರು. ತೀರ್ಮಾನವನ್ನು ಮಾತ್ರ ಬದಲಿಸಲಿಲ್ಲ.

ಮೈದುನ ಅತ್ತಿಗೆಯ ಕೈಯಿಂದ ಫೋನನ್ನು ತೆಗೆದುಕೊಂಡ. ವಾರಗಿತ್ತಿ ಅವನ ಹೆಗಲು ಹಿಡಿದುಕೊಂಡು ಹೊರಟುಹೋದಳು. ಅಕ್ಕ ಎನ್ನಲಿಲ್ಲ.

ಭಾನುವಾರ ಬೀದಿಯ ನಲ್ಲಿಯ ಕಟ್ಟೆಯ ಮೇಲೆ ಡಾಕ್ಟ್ರಮ್ಮ ತನ್ನ ಫೋನಿನ ಆಸ್ಪತ್ರೆಯನ್ನು ಮುಚ್ಚಿದಳು. ನಲವತ್ತು ಹೆಂಗಸರು ಬಂದಿದ್ದರು. ಅವಳು ಯಾರ ಫೋನನ್ನೂ ಮುಟ್ಟಲಿಲ್ಲ. ಅವರವರ ಬೆರಳಿನಿಂದಲೇ ಒತ್ತಿಸಿದಳು. ಇದು ಬೀಗ. ಇದನ್ನು ಒತ್ತಿದರೆ ಅಳಿಯುವುದಿಲ್ಲ. ನಾನು ಸುಳ್ಳು ಹೇಳಿದ್ದೆ. ಇದು ಬುಟ್ಟಿ. ಇಲ್ಲಿ ಬಿದ್ದದ್ದನ್ನು ಮತ್ತೆ ಎತ್ತಬಹುದು. ಅದನ್ನೂ ಹೇಳಿರಲಿಲ್ಲ. ಇದು ನಂಬರಿನ ಜಾಗ.

"ಅಯ್ಯೋ ಪುಣ್ಯಾತ್ಗಿತ್ತಿ," ಎಂದಳು ಒಣಗಿಸುವ ಕಡೆಯ ಹೆಂಗಸು. "ಕಳ್ಳನ ಕೈಗೇ ಬೀಗದ ಕೈ ಕೊಟ್ಟು ನಮ್ಮನ್ನ ನಿದ್ದೆ ಮಾಡ್ಸಿದ್ಯಲ್ಲೇ."

"ಬೈಯಿ," ಎಂದಳು ಡಾಕ್ಟ್ರಮ್ಮ. "ಬೈತಾ ಬೈತಾ ಆ ನಂಬರ್ ತೆಗಿ."

ಬೈದರು. ಆ ಬೈಗುಳಕ್ಕೆ ನಲ್ಲಿಯ ನೀರೇ ಕುದಿಯಬೇಕಿತ್ತು. ಬೈಯುತ್ತಲೇ ನಲವತ್ತು ಫೋನಿನಿಂದ ಮೇಸ್ತ್ರಿಯನ್ನು ಕಿತ್ತರು. ಅಲ್ಲಿ ಒಬ್ಬರು ಇನ್ನೊಬ್ಬರ ನಂಬರು ಹಾಕಿಕೊಂಡು, ಹಾಕಿಕೊಂಡದ್ದನ್ನು ಮಕ್ಕಳು ಮಗ್ಗಿ ಹೇಳುವಂತೆ ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡಿದರು.

ಸೋಮವಾರ ಬೆಳಿಗ್ಗೆ ಸೋಪಜ್ಜಿ ಬಟ್ಟೆ ಹರಿಯಲಿಲ್ಲ. ತಡೆಪಟ್ಟಿ ತನ್ನ ಜಾಗದಲ್ಲೇ ಕೆಳಗಿತ್ತು. ರೋಲರು ಮೂರು ಶೀಟು ನುಂಗಿ ನಿಂತಿತು. ಮತ್ತೆ ಚಾಲೂ ಮಾಡಿದರು. ಮತ್ತೆ ಮೂರು, ಮತ್ತೆ ನಿಂತಿತು. ಹತ್ತು ಗಂಟೆಗೆ ಒದ್ದೆ ಶೀಟಿನ ರಾಶಿ ಸೂರು ಮುಟ್ಟಿ ಹೆಂಚು ಎತ್ತಿ ಹೊರಗೆ ಇಣುಕುತ್ತಿತ್ತು. ಗೇಟಿನಲ್ಲಿ ಹೋಟೆಲಿನ ಮೂರು ವ್ಯಾನು. ಮೇಸ್ತ್ರಿ ಓಡಿಬಂದ.

"ಏನ್ರೇ ಇದು, ಎಲ್ರೂ ಸೇರಿ ನಾಟ್ಕ ಆಡ್ತಿದೀರಾ? ಎತ್ತಿ..."

ರೋಲರಿನ ಮುಂದಿದ್ದ ಹೆಂಗಸು ಜೇಬಿನಿಂದ ಫೋನು ತೆಗೆದು, ಬಚ್ಚಿಡದೆ, ಅವನ ಮುಖಕ್ಕೆ ನೇರವಾಗಿ ಮೇಜಿನ ಮೇಲೆ ನಿಲ್ಲಿಸಿದಳು. ಮೂರು ಸಲ ಒತ್ತಿದಳು. ಆ ಕೋಣೆಯಲ್ಲಿ ಟಿಣ್; ಟಿಣ್ ಬಂದವಳೂ ತನ್ನದನ್ನು ಒತ್ತಿದಳು, ಈ ಮೂಲೆಯಲ್ಲಿ ಟಿಣ್. ತೊಟ್ಟಿಯ ಕಡೆಯಿಂದ, ಮಡಿಸುವ ಕಡೆಯಿಂದ ಹೆಂಗಸರು ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಒಬ್ಬೊಬ್ಬರ ಕೈಯಲ್ಲೂ ಫೋನು.

"ಹೇಳಿ ಸಾರ್," ಎಂದಳು ಸೋಪಜ್ಜಿ. "ಎತ್ತಿ, ಆಮೇಲೆ? ನಂಗೆ ಕಿವಿ ಸ್ವಲ್ಪ ಮಂದ."

ಏಳು ಬೀದಿಗೆ ಕೇಳುವ ಗಂಟಲಿನವನು ಗೋಡೆಯ ಕಾಗದವನ್ನು ನೋಡಿದ, ಫೋನುಗಳನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ.

"ನಾನೇನೂ ಹೇಳ್ಲಿಲ್ಲ," ಎಂದ.

"ಅದೂ ಬಂತು ಸಾರ್. ಬೀಗ ಹಾಕಿಟ್ಕೋತೀವಿ."

ಅಂದು ಆರು ಸಾವಿರದಲ್ಲಿ ಎರಡು ಸಾವಿರವೂ ಮುಗಿಯಲಿಲ್ಲ. ಮಾಲೀಕರೇ ಬಂದು ನಾಳೆ ಮಾತಾಡೋಣ ಎಂದರು. ಹೆಂಗಸರ ಕಡೆಯಿಂದ ಮೊದಲ ಮಾತು ಕೈ ಹೋದವಳದ್ದು, ಉಳಿದದ್ದು ಆಮೇಲೆ ಎಂದು ಸೋಪಜ್ಜಿ ಅವರ ಮುಖಕ್ಕೇ ಹೇಳಿದಳು.

ಸಂಜೆ ಡಾಕ್ಟ್ರಮ್ಮ ಈ ಸುದ್ದಿಯನ್ನು ಹೊತ್ತು ಓಡೋಡಿ ಮನೆಗೆ ಬಂದಳು. ವಾರಗಿತ್ತಿಯ ಕೋಣೆಯ ಹೊಸ್ತಿಲಲ್ಲಿ ಕಾಲು ನಿಂತಿತು. ಆದರೂ ಹೇಳಿದಳು. ಮೇಸ್ತ್ರಿಯ ಬಾಯಿ ತೆರೆದು ಮುಚ್ಚಿದ್ದನ್ನು ಎರಡು ಪಟ್ಟು ಮಾಡಿ ಹೇಳಿದಳು. ಚಾಪೆಯ ಮೇಲೆ ಕುಳಿತಿದ್ದ ವಾರಗಿತ್ತಿ ಕೇಳಿಸಿಕೊಂಡಳು. ನಗಲಿಲ್ಲ.

ಹೇಳುವುದೆಲ್ಲ ಮುಗಿದ ಮೇಲೆ ಡಾಕ್ಟ್ರಮ್ಮನ ಬಳಿ ಒಂದೇ ಮಾತು ಉಳಿದಿತ್ತು.

"ಸಾಹೇಬ್ರ ಮುಂದೆ ನೋಡ್ದೇನೇ ಅಳಿಸ್ದೆ ಅಂದೆ. ಸುಳ್ಳು. ಒಂದು ಬೆಳ್ಳಗಿತ್ತು. ಯಾರದೋ ಗದ್ದ ಕಾಣ್ತಿತ್ತು. ನೋಡಿದ್ದೆ ಕಣೇ. ಮೇಸ್ತ್ರಿ ನಿಂತಿದ್ದ, ಎಲ್ರೂ ನೋಡ್ತಿದ್ರು. ನಿಧಾನ ಆದೆ ಅನ್ನಿಸ್ಕೋಬಾರ್ದು ಅಂತ ಒತ್ತಿಬಿಟ್ಟೆ."

ವಾರಗಿತ್ತಿ ಎಡಗೈಯಿಂದ ಫೋನನ್ನು ಚಾಪೆಯ ಮೇಲೆ ಅವಳ ಕಡೆಗೆ ತಳ್ಳಿದಳು.

"ಎಲ್ರಿಗೂ ಕಲಿಸಿದ್ಯಂತೆ. ನಂಗೂ ಕಲ್ಸು."

ಡಾಕ್ಟ್ರಮ್ಮ ಕಲಿಸಿದಳು. ಎಡಗೈ ಹೆಬ್ಬೆರಳು ಗುಂಡಿಯ ಮೇಲೆ ಜಾರುತ್ತಿತ್ತು. ಹಿಡಿದು ಒತ್ತಿಸಲು ಅವಳ ಕೈ ಮುಂದೆ ಹೋಯಿತು, ತಾನಾಗಿಯೇ ಹಿಂದೆ ಬಂತು. ಬೀಗ, ಬುಟ್ಟಿ, ಎಲ್ಲ ಆಯಿತು. ಕೊನೆಗೆ ನಂಬರಿನ ಜಾಗ. ಮೇಸ್ತ್ರಿಯ ನಂಬರನ್ನು ವಾರಗಿತ್ತಿ ಒಂದೊಂದೇ ಅಂಕಿಯಾಗಿ ತಾನೇ ಅಳಿಸಿದಳು. ಜಾಗ ಖಾಲಿಯಾಯಿತು. ನಂಬಿಕಸ್ತರ ನಂಬರು ಎಂದು ಅದು ಕೇಳುತ್ತಿತ್ತು.

"ಯಾರದ್ದು ಹಾಕ್ಲಿ?" ಎಂದಳು ಡಾಕ್ಟ್ರಮ್ಮ.

ವಾರಗಿತ್ತಿ ತಲೆಯೆತ್ತಿ ಅವಳ ಮುಖ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಸೋಪಜ್ಜೀದು ಹೇಳು," ಎಂದಳು. "ನಾನೇ ಒತ್ತುತೀನಿ."

ಡಾಕ್ಟ್ರಮ್ಮ ಒಂದೊಂದೇ ಅಂಕಿ ಹೇಳಿದಳು.